ಮೇಡನ್‌ಹೇರ್ ಜರೀಗಿಡ: ನೆನೆಯದ ಎಲೆ, ಒಣಗಬಾರದ ಬೇರು

ಮೇಡನ್‌ಹೇರ್ ಫರ್ನ್‌ನ ಒಂದು ಗರಿಯನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿ ನೋಡಿ. ನೀರೊಳಗೆ ಅದು ಬೆಳ್ಳಿ ತಗಡಿನಂತೆ ಹೊಳೆಯುತ್ತದೆ. ಹೊರಗೆ ತೆಗೆದು ಒಮ್ಮೆ ಕೊಡವಿದರೆ ಒಣಗಿದ ಹಾಗೆಯೇ ಇರುತ್ತದೆ. ಎಲೆಯ ಮೈಗೆ ಅಂಟಿಕೊಂಡ ಗಾಳಿಯ ತೆಳುಪದರ ನೀರನ್ನು ಹತ್ತಿರ ಬಿಡುವುದಿಲ್ಲ. ಈ ಕುಲಕ್ಕೆ ಅಡಿಯಾಂಟಮ್ ಎಂಬ ಹೆಸರು ಬಂದದ್ದೂ ಇದರಿಂದಲೇ. ಗ್ರೀಕ್ ಮೂಲದಲ್ಲಿ ಅದರ ಅರ್ಥ 'ನೆನೆಯದ್ದು'. ಅದೇ ಗಿಡ, ಕುಂಡದ ಮಣ್ಣು ಒಂದೆರಡು ದಿನ ಪೂರ್ತಿ ಒಣಗಿದರೆ ಸುರುಟಿ ಹಳೇ ಕಾಗದದಂತಾಗುತ್ತದೆ. ಎಲೆಗೆ ನೀರು ಬೇಡ, ಬೇರಿಗೆ ಮಾತ್ರ ಬಿಡುವಿಲ್ಲದೆ ಬೇಕು. ಇದನ್ನು ಸಾಕಲು ಹೋಗಿ ಸೋತವರಲ್ಲಿ ಬಹುಪಾಲು ಜನ ಮಾಡುವುದು ಇದರ ತಿರುಗುಮುರುಗು: ದಿನಕ್ಕೆ ನಾಲ್ಕು ಸಲ ಎಲೆಗೆ ನೀರು ಚಿಮುಕಿಸಿ ಬೇರನ್ನು ಮರೆತುಬಿಡುತ್ತಾರೆ.

ಕಾಡಿನ ನೆರಳಿನಲ್ಲಿ, ತೊರೆಯ ದಡದಲ್ಲಿ, ನೀರು ಜಿನುಗುವ ಬಂಡೆಯ ಸಂದಿನಲ್ಲಿ ಬೆಳೆಯುವ ಗಿಡ ಇದು. ಇದರ ಅಂಗಾಂಗ ಅರ್ಥವಾದರೆ ಆರೈಕೆಯ ಅರ್ಧ ಪಾಠ ಮುಗಿದ ಹಾಗೆ. ಆದ್ದರಿಂದ ಅಲ್ಲಿಂದಲೇ ಶುರು.

ಹೆಜ್ಜೆ 1: ಗಿಡದಲ್ಲಿ ಯಾವುದು ಏನು

ಕಾಂಡ ಮೇಲಿನಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಮಣ್ಣಿನ ಮೇಲ್ಪದರದಲ್ಲಿ ಅಡ್ಡಲಾಗಿ ಹರಿಯುವ, ಪೆನ್ಸಿಲ್‌ಗಿಂತ ಸಣ್ಣದಾದ ಗುಪ್ತಕಾಂಡವೇ ಅದರ ಕಾಂಡ. ಮೈತುಂಬ ಕಂದುಬಣ್ಣದ ಹೊಟ್ಟಿನಂಥ ಪೊರೆಗಳು ಮುಚ್ಚಿಕೊಂಡಿರುತ್ತವೆ. ಬೇರುಗಳೆಲ್ಲ ಕೂದಲಿನಂಥ ನಾರುಬೇರುಗಳು, ತಾಯಿಬೇರು ಇಲ್ಲ. ಹಾಗಾಗಿ ಆಳದ ನೀರನ್ನು ಹುಡುಕಿ ಹೋಗುವ ಶಕ್ತಿಯೂ ಇಲ್ಲ.

ಮೇಲೆ ಕಾಣುವ ಕಪ್ಪು ಕಡ್ಡಿ, ಅದರ ಕವಲುಗಳು, ಕವಲಿಗೆ ತೂಗುಬಿದ್ದ ಹತ್ತಾರು ಹಸಿರು ಬಿಲ್ಲೆಗಳು, ಇವೆಲ್ಲ ಸೇರಿ ಒಂದೇ ಒಂದು ಎಲೆ. ಅದನ್ನು ಗರಿ ಎನ್ನೋಣ, ಬಿಲ್ಲೆಗಳನ್ನು ಕಿರುಎಲೆ ಎನ್ನೋಣ. ಇದು ಬರೀ ಹೆಸರಿನ ವಿಷಯವಲ್ಲ. ಕಡ್ಡಿ ಎಂದುಕೊಂಡದ್ದು ಎಲೆಯ ತೊಟ್ಟಾದ್ದರಿಂದ ಅದನ್ನು ಮುರಿದು ನೆಟ್ಟರೆ ಚಿಗುರುವುದಿಲ್ಲ. ಗರಿಯ ತುದಿ ಮುರಿದರೆ ಪಕ್ಕದಿಂದ ಕವಲೊಡೆಯುವುದೂ ಇಲ್ಲ. ಹೊಸದೇನಿದ್ದರೂ ಗುಪ್ತಕಾಂಡದಿಂದಲೇ ಬರಬೇಕು. ಅದೊಂದು ಬದುಕಿದ್ದರೆ ಮೇಲೆ ಎಲ್ಲ ಒಣಗಿದರೂ ಗಿಡ ಸತ್ತಿಲ್ಲ ಎಂದೇ ಲೆಕ್ಕ.

ಹೊಸ ಗರಿ ಸುರುಳಿ ಸುತ್ತಿಕೊಂಡು ಹುಟ್ಟುತ್ತದೆ. ಒಳಸುತ್ತಿನಲ್ಲಿ ಬೆಳೆಯುವ ಎಳೆತುದಿ ಅಡಗಿರುತ್ತದೆ. ಬಿಚ್ಚಿಕೊಳ್ಳುವ ಹೊತ್ತಿನಲ್ಲಿ ಬೆರಳು ತಾಗಿದರೂ, ಅರ್ಧ ದಿನ ನೀರು ತಪ್ಪಿದರೂ ತುದಿ ಕಪ್ಪಾಗಿ ಆ ಗರಿ ಅಲ್ಲಿಗೇ ನಿಂತುಬಿಡುತ್ತದೆ. ಕುಂಡವನ್ನು ಜನ ಓಡಾಡುವ ದಾರಿಯಲ್ಲಿ ಇಡಬಾರದು ಎನ್ನುವುದು ಇದಕ್ಕೇ.

ಈಗ ಒಂದು ಕಿರುಎಲೆಯನ್ನು ಬೆಳಕಿಗೆ ಹಿಡಿಯಿರಿ. ಬೀಸಣಿಗೆಯ ಆಕಾರ, ನಡುವೆ ದಪ್ಪನೆಯ ನರ ಇಲ್ಲ. ಬುಡದಿಂದ ಹೊರಟ ನರಗಳು ಎರಡಾಗಿ, ಮತ್ತೆ ಎರಡಾಗಿ ಕವಲೊಡೆಯುತ್ತ ಅಂಚು ಮುಟ್ಟುತ್ತವೆ, ಎಲ್ಲೂ ಒಂದನ್ನೊಂದು ಸೇರುವುದಿಲ್ಲ. ಗಿಂಕ್ಗೊ ಮರದ ಎಲೆಯೂ ಹೀಗೇ ಇರುವುದರಿಂದ ಅದಕ್ಕೆ ಮೇಡನ್‌ಹೇರ್ ಮರ ಎಂಬ ಹೆಸರು ಬಿತ್ತು. ಎರಡಕ್ಕೂ ನೆಂಟಸ್ತನವೇನೂ ಇಲ್ಲ.

ಬಲಿತ ಕಿರುಎಲೆಯನ್ನು ಮಗುಚಿದರೆ ಹೊರ ಅಂಚು ಅಲ್ಲಲ್ಲಿ ಒಳಕ್ಕೆ ಮಡಿಚಿರುತ್ತದೆ, ಬಟ್ಟೆಯ ಅಂಚು ಮಡಿಚಿ ಹೊಲಿದ ಹಾಗೆ. ಹೆಚ್ಚಿನ ಜರೀಗಿಡಗಳಲ್ಲಿ ಬೀಜಾಣುಚೀಲಗಳು (ಬೀಜದ ಬದಲು ಗಿಡ ಹುಟ್ಟಿಸುವ ಧೂಳಿನಂಥ ಬೀಜಾಣುಗಳನ್ನು ಹೊತ್ತ ಚೀಲಗಳು) ಎಲೆಯ ಅಡಿಮೈಯಲ್ಲಿ ಗುಂಪಾಗಿ ಕೂರುತ್ತವೆ. ಅಡಿಯಾಂಟಮ್‌ನಲ್ಲಿ ಅವು ಅಂಟಿಕೊಂಡಿರುವುದು ಈ ಮಡಿಕೆಯ ಒಳಮೈಗೆ. ಈ ಮಡಿಕೆಯನ್ನು ಹುಸಿ ಮುಚ್ಚಳ ಎನ್ನುತ್ತಾರೆ. ಇನ್ನೂರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಲವನ್ನು ಗುರುತಿಸಲು ಇಷ್ಟು ಸಾಕು: ನೀರು ಹಿಡಿಯದ ಎಲೆ, ಹೊಳೆಯುವ ಕಪ್ಪು ತೊಟ್ಟು, ಮಡಿಚಿದ ಅಂಚು.

ಹೆಜ್ಜೆ 2: ಯಾವ ಪ್ರಭೇದ ಎಂದು ಖಚಿತಪಡಿಸಿಕೊಳ್ಳಿ

ಮಣ್ಣಿನ ಮಿಶ್ರಣ ಇದರ ಮೇಲೆ ನಿಂತಿರುವುದರಿಂದ ಈ ಹೆಜ್ಜೆ ಬಿಡಬೇಡಿ. ಕುಂಡಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು, ಮೇಲ್ನೋಟಕ್ಕೆ ಅವಳಿಗಳಂತಿರುತ್ತವೆ. ಒಂದು ಅಡಿಯಾಂಟಮ್ ರಡ್ಡಿಯಾನಮ್, ಉಷ್ಣವಲಯದ ಅಮೆರಿಕದ ಮೂಲದ್ದು. ಇನ್ನೊಂದು ಅಡಿಯಾಂಟಮ್ ಕ್ಯಾಪಿಲ್ಲಸ್-ವೆನೆರಿಸ್, ಹಲವು ಖಂಡಗಳಲ್ಲಿ ತಾನಾಗಿ ಬೆಳೆಯುವಂಥದ್ದು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಇದ್ದರೆ ಬೇರ್ಪಡಿಸುವುದು ಸುಲಭ. ಬೀಜಾಣುಚೀಲಗಳಿಲ್ಲದ ಕಿರುಎಲೆಯ ಅಂಚಿನ ಹಲ್ಲುಗಳನ್ನು ನೋಡಿ. ನರ ಹಲ್ಲಿನ ತುದಿಗೆ ಹೋಗಿ ಮುಗಿದರೆ ಕ್ಯಾಪಿಲ್ಲಸ್-ವೆನೆರಿಸ್. ಎರಡು ಹಲ್ಲುಗಳ ನಡುವಿನ ಕಚ್ಚಿಗೆ ಹೋಗಿ ಮುಗಿದರೆ ರಡ್ಡಿಯಾನಮ್. ಹುಸಿ ಮುಚ್ಚಳದ ಆಕಾರವೂ ಹೇಳುತ್ತದೆ: ಮೊದಲನೆಯದರಲ್ಲಿ ಉದ್ದುದ್ದ, ಎರಡನೆಯದರಲ್ಲಿ ದುಂಡಗೆ, ಮೂತ್ರಪಿಂಡದ ಹಾಗೆ.

ಉತ್ತರ ಅಮೆರಿಕದ ಕಾಡುಗಳ ಅಡಿಯಾಂಟಮ್ ಪೆಡೇಟಮ್ ಬೇರೆಯೇ ರೀತಿ. ಅದರ ತೊಟ್ಟು ಮೇಲೆ ಎರಡಾಗಿ ಸೀಳಿ, ಅಂಗೈ ಬಿಡಿಸಿದಂತೆ ಹರಡುತ್ತದೆ. ಚಳಿಗಾಲದಲ್ಲಿ ಗರಿಗಳೆಲ್ಲ ಉದುರುವುದು ಅದರ ಸ್ವಭಾವ. ಬೆಚ್ಚಗಿನ ಕೋಣೆಯಲ್ಲಿ ವರ್ಷವಿಡೀ ಹಸಿರಾಗಿಡಲು ಅದು ತಕ್ಕದ್ದಲ್ಲ. ಅಡಿಯಾಂಟಮ್ ಫಿಲಿಪೆನ್ಸ್ ಮತ್ತು ಕಾಡೇಟಮ್‌ಗಳ ಗರಿಯ ತುದಿ ನೆಲ ಮುಟ್ಟಿದ ಕಡೆ ಬೇರೂರಿ ಮರಿಗಿಡವಾಗುತ್ತದೆ. ಇವು ಸಿಕ್ಕರೆ ಮುಂದೆ ಹೇಳುವ ಬೀಜಾಣುವಿನ ಶ್ರಮವೇ ಬೇಡ.

ಕಾಡಿನಿಂದ ಕಿತ್ತು ತರುವ ಯೋಚನೆ ಬೇಡ. ಬಂಡೆಯ ಸಂದಿನಿಂದ ಎಳೆದ ಗಿಡದ ನಾರುಬೇರು ಅರ್ಧಕ್ಕರ್ಧ ಅಲ್ಲೇ ಉಳಿಯುತ್ತದೆ, ತಂದದ್ದು ಬದುಕುವುದು ಅಪರೂಪ.

ಹೆಜ್ಜೆ 3: ಜಾಗ ಮತ್ತು ಬೆಳಕು

ನೆರಳು ಎಂದರೆ ಕತ್ತಲಲ್ಲ. ಒಂದು ಬಿಳಿ ಹಾಳೆಯನ್ನು ಕುಂಡ ಇಡುವ ಜಾಗದಲ್ಲಿಟ್ಟು, ಒಂದಡಿ ಮೇಲೆ ಕೈ ಹಿಡಿಯಿರಿ. ನೆರಳಿನ ಅಂಚು ಕತ್ತರಿಸಿದಂತೆ ಸ್ಪಷ್ಟವಾಗಿದ್ದರೆ ಬಿಸಿಲು ಜಾಸ್ತಿ. ಅಂಚು ಮಸುಕಾಗಿದ್ದು ಕೈಯ ಆಕಾರ ಗೊತ್ತಾಗುವಂತಿದ್ದರೆ ಸರಿ. ನೆರಳೇ ಬೀಳದಿದ್ದರೆ ಗಿಡ ಬದುಕುತ್ತದೆ, ಆದರೆ ಗರಿಗಳು ಉದ್ದವಾಗಿ, ಬಿಡಿಬಿಡಿಯಾಗಿ, ಸೊರಗಿ ಬರುತ್ತವೆ. ಹೊರಗೆ ಬೆಳೆಸುವವರು ಶೇ 70ರಿಂದ 80ರಷ್ಟು ನೆರಳು ಕೊಡುವ ಶೇಡ್ ನೆಟ್ ಕಟ್ಟಿಕೊಳ್ಳಿ.

ಮರದಡಿಯ ಬೆಳಕು ಬರೀ ಮಂದವಲ್ಲ, ಅದರ ಬಣ್ಣವೂ ಬೇರೆ. ಮೇಲಿನ ಎಲೆಗಳು ಕೆಂಪು, ನೀಲಿಯನ್ನು ಹೀರಿಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತವೆ. ಬೆಳಕಿನತ್ತ ಬಾಗಲು ಹೂಗಿಡಗಳು ಮುಖ್ಯವಾಗಿ ನೀಲಿಯನ್ನು ನಂಬಿದರೆ, ಅಡಿಯಾಂಟಮ್ ಕೆಂಪನ್ನೂ ಬಳಸಿಕೊಳ್ಳುತ್ತದೆ. ಅದಕ್ಕಿರುವ ನಿಯೋಕ್ರೋಮ್ ಎಂಬ ಗ್ರಾಹಕ ಪ್ರೋಟೀನು ಕೆಂಪು, ನೀಲಿ ಎರಡನ್ನೂ ಗ್ರಹಿಸುತ್ತದೆ. ಈ ಪ್ರೋಟೀನಿನ ಜೀನ್ ಜರೀಗಿಡಗಳಿಗೆ ಹಾರ್ನ್‌ವರ್ಟ್ ಎಂಬ ಪುಟ್ಟ ಸಸ್ಯಗಳ ಗುಂಪಿನಿಂದ ದಾಟಿ ಬಂದದ್ದು ಎಂದು 2014ರ ಸಂಶೋಧನೆ ತೋರಿಸಿತು. ಸಾಲ ತಂದ ಕಣ್ಣು ಎನ್ನಬಹುದು. ಕೃತಕ ದೀಪದಡಿ ಬೆಳೆಸುವವರಿಗೆ ಸಾಧಾರಣ ಬಿಳಿ ಎಲ್‌ಇಡಿ ದೀಪವೇ ಸಾಕು, ದಿನಕ್ಕೆ 12 ಗಂಟೆ.

ಉಷ್ಣಾಂಶ 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ರಡ್ಡಿಯಾನಮ್ 10 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ನಿಲ್ಲಿಸುತ್ತದೆ. ಚಳಿಗಿಂತ ಗಾಳಿಯೇ ದೊಡ್ಡ ಶತ್ರು. ಫ್ಯಾನಿನ ಕೆಳಗೆ, ಎಸಿಯ ಮುಂದೆ, ಹೀಟರಿನ ಪಕ್ಕ ಇಡಬೇಡಿ.

ಹೆಜ್ಜೆ 4: ಮಿಶ್ರಣ ಮತ್ತು ನಾಟಿ

ಚೆನ್ನಾಗಿ ಕಳಿತ ಎಲೆಗೊಬ್ಬರ 2 ಪಾಲು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಅಥವಾ ದಪ್ಪ ಮರಳು 1 ಪಾಲು. ತೋಟದ ಮಣ್ಣು ಬೆರೆಸಬೇಡಿ. ಕುಂಡದಲ್ಲಿ ಅದು ಗಟ್ಟಿಯಾಗಿ ಕೂತು ಕೂದಲಿನಂಥ ಬೇರಿಗೆ ಉಸಿರುಗಟ್ಟಿಸುತ್ತದೆ. ಕೊಕೊಪೀಟನ್ನು ಬಕೆಟ್‌ನಲ್ಲಿ ನೆನೆಹಾಕಿ, ಹಿಂಡಿ, ನೀರು ಬದಲಿಸಿ ಮೂರು ಸಲವಾದರೂ ತೊಳೆಯಿರಿ. ತೊಳೆಯದ ಕೊಕೊಪೀಟಿನಲ್ಲಿ ಉಪ್ಪಿನಂಶ ಉಳಿದಿರುವ ಸಾಧ್ಯತೆ ಹೆಚ್ಚು, ಈ ಬೇರುಗಳು ಉಪ್ಪು ತಡೆಯುವುದಿಲ್ಲ.

ಕ್ಯಾಪಿಲ್ಲಸ್-ವೆನೆರಿಸ್ ಆದರೆ ಐದು ಲೀಟರ್ ಮಿಶ್ರಣಕ್ಕೆ ಒಂದು ದೊಡ್ಡ ಚಮಚ ಸುಣ್ಣದಕಲ್ಲಿನ ಪುಡಿ ಸೇರಿಸಿ. ಅದು ಸುಣ್ಣದಕಲ್ಲಿನ ಬಂಡೆಗಳ ಗಿಡ, ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 7ರಿಂದ 8ರೊಳಗೆ ಖುಷಿಯಾಗಿರುತ್ತದೆ. ಸುಟ್ಟ ಸುಣ್ಣ ಮಾತ್ರ ಹಾಕಬೇಡಿ, ಬೇರು ಬೆಂದುಹೋಗುತ್ತದೆ. ರಡ್ಡಿಯಾನಮ್‌ಗೆ ಸುಣ್ಣ ಬೇಕಿಲ್ಲ; ಅದಕ್ಕೆ ಪಿಎಚ್ 6ರ ಆಸುಪಾಸು ಹಿಡಿಸುತ್ತದೆ.

ಕುಂಡ ಬೇರುಗುಡ್ಡೆಗಿಂತ ಎರಡು ಬೆರಳು ಅಗಲವಿರಲಿ, ಅಷ್ಟೇ. 'ಮುಂದೆ ಬೆಳೆಯುತ್ತದಲ್ಲ' ಎಂದು ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣಿನಲ್ಲಿ ನೀರು ನಿಂತು ಹುಳಿಯುತ್ತದೆ. ಬೇರು ಆಳಕ್ಕಿಳಿಯುವುದಿಲ್ಲವಾದ್ದರಿಂದ ಅಗಲವಾದ, ತಗ್ಗು ಕುಂಡ ಮೇಲು. ಮಣ್ಣಿನ ಕುಂಡದ ಮೈಯಿಂದ ನೀರು ಆರುತ್ತಲೇ ಇರುತ್ತದೆ. ನೀರು ಹಾಕಲು ಮರೆಯುವವರಿಗೆ ಪ್ಲಾಸ್ಟಿಕ್ ಅಥವಾ ಮೆರುಗು ಕೊಟ್ಟ ಪಿಂಗಾಣಿ ಕುಂಡವೇ ಕ್ಷೇಮ.

ನೆಡುವಾಗ ತಪ್ಪುವುದು ಒಂದೇ ಕಡೆ, ಆಳದಲ್ಲಿ. ಗುಪ್ತಕಾಂಡದ ಬೆನ್ನು ಮಣ್ಣಿನ ಮೇಲೆ ಕಾಣುತ್ತಿರಬೇಕು. ಹೂತುಹೋದರೆ ಸುರುಳಿಗಳು ಮೇಲೆ ಬರುವ ಮೊದಲೇ ಕೊಳೆಯುತ್ತವೆ. ಮಿಶ್ರಣವನ್ನು ಬೆರಳಿನಿಂದ ಒತ್ತಿ ತುರುಕದೆ, ಕುಂಡವನ್ನು ನೆಲಕ್ಕೆ ಎರಡು ಸಲ ಕುಟ್ಟಿ ಕೂರಿಸಿ, ನೀರು ಹಾಕಿ.

ಹೆಜ್ಜೆ 5: ನೀರು

ಕಿರುಎಲೆ ತೀರ ತೆಳು. ಒಳಗೆ ನೀರು ಕೂಡಿಟ್ಟುಕೊಳ್ಳುವ ಜಾಗವಿಲ್ಲ, ಹೊರಗೆ ಆವಿ ತಡೆಯುವ ದಪ್ಪ ಮೇಣವೂ ಇಲ್ಲ. ಬೇರಿನಿಂದ ಬರುವ ನೀರು ತಡವಾದರೆ ಕೆಲವೇ ಗಂಟೆಗಳಲ್ಲಿ ಸುರುಟುತ್ತದೆ. ಒಮ್ಮೆ ಗರಿಗರಿಯಾಗಿ ಒಣಗಿದ್ದು ಎಷ್ಟು ನೀರು ಹಾಕಿದರೂ ಮತ್ತೆ ಬಿಚ್ಚಿಕೊಳ್ಳುವುದಿಲ್ಲ.

ದಿನಕ್ಕೊಮ್ಮೆ ಬೆರಳಿನ ತುದಿಯನ್ನು ಒಂದು ಸೆಂಟಿಮೀಟರ್ ಒಳಗಿಳಿಸಿ ನೋಡಿ. ತಣ್ಣಗೆ, ಹಸಿಯಾಗಿದ್ದರೆ ಬೇಡ. ಹಸಿ ಆರಿ ಬರೀ ತಣ್ಣಗಿದೆ ಎನಿಸಿದರೆ ಆಗಲೇ ಹಾಕಿ, ಅಡಿಯ ತೂತಿನಿಂದ ಹರಿಯುವವರೆಗೆ. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯೊಳಗೆ ಚೆಲ್ಲಿ. 'ವಾರಕ್ಕೆ ಎರಡು ಸಲ' ಎಂಬಂಥ ಲೆಕ್ಕ ನಂಬಬೇಡಿ. ಸೆಕೆಯ ದಿನ, ಮೋಡದ ದಿನ ಎರಡಕ್ಕೂ ಒಂದೇ ಲೆಕ್ಕ ಹೇಗಾದೀತು? ನೀರು ಗಡಸಾಗಿದ್ದು ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತಿದ್ದರೆ ಮಳೆನೀರು ಹಿಡಿದಿಟ್ಟುಕೊಳ್ಳಿ. ಕ್ಯಾಪಿಲ್ಲಸ್-ವೆನೆರಿಸ್ ಮಾತ್ರ ಗಡಸು ನೀರಿಗೆ ಅಷ್ಟೇನೂ ಮುನಿಯುವುದಿಲ್ಲ.

ಕೊಕೊಪೀಟ್, ಎಲೆಗೊಬ್ಬರ ಪೂರ್ತಿ ಒಣಗಿದರೆ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿನಿಂದ ಜಾರಿ ಹೊರಗೆ ಹೋಗುತ್ತದೆ. ನೋಡುವವರಿಗೆ ಹರಿದಂತೆ ಕಾಣುತ್ತದೆ, ಒಳಗೆ ಗುಡ್ಡೆ ಒಣಗಿಯೇ ಇರುತ್ತದೆ. ಆಗ ಕುಂಡವನ್ನು ಅಂಚಿನವರೆಗೆ ಬಕೆಟ್ ನೀರಿನಲ್ಲಿ ಇಳಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. 20-30 ನಿಮಿಷ ಸಾಕು.

ಗಾಳಿಯ ತೇವ ಶೇ 60ರಷ್ಟಿದ್ದರೆ ಗಿಡ ನೆಮ್ಮದಿಯಾಗಿರುತ್ತದೆ. ಅದಕ್ಕಾಗಿ ಎಲೆಗೆ ನೀರು ಚಿಮುಕಿಸುವುದು ವ್ಯರ್ಥ: ಹನಿ ಉರುಳಿಬೀಳುತ್ತದೆ, ಉಳಿದದ್ದು ಹತ್ತು ನಿಮಿಷದಲ್ಲಿ ಆರುತ್ತದೆ, ಒತ್ತಾದ ಗರಿಗಳ ನಡುವೆ ನಿಂತ ಹನಿ ಬೂದು ಬೂಷ್ಟಿಗೆ ದಾರಿ. ನಾಲ್ಕಾರು ಕುಂಡಗಳನ್ನು ಒತ್ತೊತ್ತಾಗಿ ಇಡಿ, ಇಲ್ಲವೇ ಗಾಜಿನ ಪೆಟ್ಟಿಗೆ ಮಾಡಿ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರ ಸುಮಾರಿಗೆ ಪತಂಗದ ಕೋಶವನ್ನು ತೇವದ ಮಣ್ಣಿನೊಡನೆ ಸೀಸೆಯಲ್ಲಿ ಮುಚ್ಚಿಟ್ಟಿದ್ದಾಗ ಅದರೊಳಗೆ ಜರೀಗಿಡವೊಂದು ತಾನಾಗಿ ಹುಟ್ಟಿತು. ಹೊರಗಿನ ಹೊಗೆಗಾಳಿಯಲ್ಲಿ ಅವರ ಜರೀಗಿಡಗಳು ಸಾಯುತ್ತಿದ್ದವು. ಮುಂದೆ ಹಡಗುಗಳಲ್ಲಿ ಗಿಡ ಸಾಗಿಸಲು ಬಳಕೆಗೆ ಬಂದ ವಾರ್ಡಿಯನ್ ಪೆಟ್ಟಿಗೆ ಹುಟ್ಟಿದ್ದು ಆ ಸೀಸೆಯಿಂದ.

ಗೊಬ್ಬರ ಕಡಿಮೆಯಿದ್ದಷ್ಟೂ ಒಳ್ಳೆಯದು. ಹೊಸ ಸುರುಳಿ ಬರುವ ಕಾಲದಲ್ಲಿ ಮಾತ್ರ, ತಿಂಗಳಿಗೊಮ್ಮೆ, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ) ನೀರಿನಲ್ಲಿ ಕರಗುವ ಗೊಬ್ಬರ ಲೀಟರಿಗೆ ಅರ್ಧ ಗ್ರಾಂ. ಒಣಮಣ್ಣಿಗೆ ಹಾಕಬೇಡಿ.

ಹೆಜ್ಜೆ 6: ಕೆಟ್ಟರೆ ಏಕೆ ಕೆಟ್ಟಿತು

ಇಡೀ ಗರಿ ಒಮ್ಮೆಗೇ ಸುರುಟಿದರೆ ಬೇರು ಒಣಗಿದೆ, ಇಲ್ಲವೇ ಒಣಗಾಳಿ ಬಡಿದಿದೆ. ಕಿರುಎಲೆಗಳ ಅಂಚು ಮಾತ್ರ ಕಂದಾಗಿದ್ದರೆ ಉಪ್ಪು ಅಥವಾ ಗೊಬ್ಬರ ಹೆಚ್ಚಾದದ್ದು. ಕುಂಡದ ಮೂರು ಪಟ್ಟು ನೀರು ಹರಿಸಿ ತೊಳೆಯಿರಿ. ಮಣ್ಣು ಹಸಿಯಿದ್ದೂ ಗರಿ ಬಾಡಿ ಬುಡ ಕಪ್ಪಗಿದ್ದರೆ ಬೇರು ಕೊಳೆತಿದೆ. ಅಂಥ ಗಿಡಕ್ಕೆ ಇನ್ನಷ್ಟು ನೀರು ಹಾಕುವವರೇ ಹೆಚ್ಚು. ಎಲೆ ಬಿಳಚಿಕೊಂಡು ಅಲ್ಲಲ್ಲಿ ಸುಟ್ಟಂತಿದ್ದರೆ ಬಿಸಿಲು. ಹಳೆಯ ಗರಿ ಒಂದೆರಡು ಹಳದಿಯಾಗುವುದು ಸಹಜ, ಕತ್ತರಿಸಿ ಬಿಸಾಡಿ.

ಬೀಜಾಣುಗಳನ್ನು ಕೀಟವೆಂದು ತಿಳಿದು ಔಷಧಿ ಹೊಡೆಯುವುದು ಆಗಾಗ ನಡೆಯುವ ಅನಾಹುತ. ಲೆಕ್ಕ ಸರಳ: ಕಂದು ಗುರುತುಗಳು ಕಿರುಎಲೆಯ ಅಂಚಿನಲ್ಲೇ ಸಾಲಾಗಿ, ಒಂದೇ ಅಳತೆಯಲ್ಲಿದ್ದರೆ ಬೀಜಾಣು. ತೊಟ್ಟಿನ ಮೇಲೂ ಇದ್ದು, ಅಡ್ಡಾದಿಡ್ಡಿಯಾಗಿದ್ದು, ಉಗುರಿನಿಂದ ಕೆರೆದರೆ ಚಿಪ್ಪಿನಂತೆ ಎದ್ದುಬಂದು ಅಂಟಂಟಾದರೆ ಶಲ್ಕಕೀಟ. ಹತ್ತಿಯ ಕಡ್ಡಿಯನ್ನು ಶೇ 70ರ ಆಲ್ಕೋಹಾಲಿನಲ್ಲಿ ಅದ್ದಿ ಕೀಟಕ್ಕೆ ಮಾತ್ರ ಮುಟ್ಟಿಸಿ. ಎಣ್ಣೆ ಅಥವಾ ಸೋಪಿನ ದ್ರಾವಣವನ್ನು ಇಡೀ ಗಿಡಕ್ಕೆ ಸಿಂಪಡಿಸಿದರೆ ಕೀಟದ ಜತೆ ಎಲೆಯೂ ಹೋಗುತ್ತದೆ. ತೀರ ಮುತ್ತಿದ್ದರೆ ಆ ಗರಿಗಳನ್ನೇ ಕತ್ತರಿಸಿ ತೆಗೆಯುವುದು ಜಾಣತನ.

ಗಿಡ ಪೂರ್ತಿ ಒಣಗಿದೆಯೇ? ಗುಪ್ತಕಾಂಡವನ್ನು ಒಂದು ಕಡೆ ಉಗುರಿನಿಂದ ಕೆರೆದು ನೋಡಿ. ಒಳಗೆ ತಿಳಿಹಸಿರು ಅಥವಾ ಕೆನೆಬಣ್ಣವಿದ್ದು ಗಟ್ಟಿಯಿದ್ದರೆ ಬದುಕಿದೆ. ಗರಿಗಳನ್ನೆಲ್ಲ ಮಣ್ಣಿನಿಂದ ಎರಡು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಮಣ್ಣು ಹದವಾಗಿ ತೇವವಿರುವಂತೆ ನೋಡಿಕೊಂಡು, ಪಾರದರ್ಶಕ ಕವರ್ ಸಡಿಲವಾಗಿ ಮುಚ್ಚಿ. ಮೂರ್ನಾಲ್ಕು ವಾರದಲ್ಲಿ ಸುರುಳಿ ಏಳಬೇಕು. ಎಲೆಯಿಲ್ಲದ ಗಿಡ ನೀರು ಕುಡಿಯುವುದು ಕಡಿಮೆ ಎನ್ನುವುದು ನೆನಪಿರಲಿ.

ಹೆಜ್ಜೆ 7: ಬುಡ ಒಡೆದು ಮರಿಮಾಡುವುದು

ಬೆಳವಣಿಗೆ ಚುರುಕಾಗುವ ಕಾಲಕ್ಕೆ ಸ್ವಲ್ಪ ಮೊದಲು ಬುಡ ಕಿತ್ತು, ಹರಿತವಾದ ಚಾಕುವಿನಿಂದ ಹೋಳು ಮಾಡಿ. ಪ್ರತಿ ಹೋಳಿನಲ್ಲೂ ಗುಪ್ತಕಾಂಡದ ಬೆಳೆಯುವ ತುದಿ ಒಂದಾದರೂ ಇರಬೇಕು, ಮೂರ್ನಾಲ್ಕು ಗರಿ, ಮುಷ್ಟಿಯಷ್ಟು ಬೇರು. ತುದಿಯಿಲ್ಲದ ಹೋಳು ತಿಂಗಳುಗಟ್ಟಲೆ ಸುಮ್ಮನೆ ಕೂರುತ್ತದೆ. ನೆಟ್ಟ ಎರಡು ವಾರ ಮುಚ್ಚಿಡಿ.

ಹೆಜ್ಜೆ 8: ಬೀಜಾಣುವಿನಿಂದ ಗಿಡ

ತಾಳ್ಮೆಯಿದ್ದವರಿಗೆ ಇದರಷ್ಟು ಸೊಗಸಾದ ಕೆಲಸವಿಲ್ಲ. ಹೂವಿಲ್ಲ, ಬೀಜವಿಲ್ಲ, ಆದರೂ ಜರೀಗಿಡ ಹೇಗೆ ಹುಟ್ಟುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಜಮೈಕಾದಲ್ಲಿದ್ದ ವೈದ್ಯ ಜಾನ್ ಲಿಂಡ್ಸೆ ಬೀಜಾಣು ಬಿತ್ತಿ ಗಿಡ ಎಬ್ಬಿಸಿದ್ದು 1794ರಲ್ಲಿ ಪ್ರಕಟವಾಯಿತು. ನಡುವಿನ ಪೂರ್ತಿ ಕಥೆ ಬಿಡಿಸಿದ್ದು 1851ರಲ್ಲಿ, ಜರ್ಮನಿಯ ವಿಲ್ಹೆಲ್ಮ್ ಹೋಫ್‌ಮೈಸ್ಟರ್.

ಕೊಯ್ಲಿಗೆ ಹುಸಿ ಮುಚ್ಚಳ ಗಾಢ ಕಂದಾಗಿ, ಇನ್ನೂ ಅಂಚು ಎದ್ದಿರದ ಗರಿ ಆರಿಸಿ. ಹಸಿರಾಗಿದ್ದರೆ ಬಲಿತಿಲ್ಲ, ಹರಿದು ಬಿಚ್ಚಿದ್ದರೆ ಖಾಲಿಯಾಗಿದೆ. ಗರಿಯನ್ನು ನುಣುಪಾದ ಬಿಳಿ ಕಾಗದದಲ್ಲಿ ಮಡಿಚಿ ಗಾಳಿಯಾಡದ ಒಣ ಜಾಗದಲ್ಲಿ ಎರಡು ದಿನ ಇಡಿ. ಒಂದೊಂದು ಚೀಲದಲ್ಲಿ ಸಾಮಾನ್ಯವಾಗಿ 64 ಬೀಜಾಣು. ಚೀಲದ ಬೆನ್ನ ಮೇಲೆ ದಪ್ಪ ಗೋಡೆಯ ಕೋಶಗಳ ಸಾಲೊಂದಿದೆ. ಒಣಗುತ್ತ ಅದು ಹಿಂದಕ್ಕೆ ಬಾಗಿ ಚೀಲವನ್ನು ಹರಿಯುತ್ತದೆ, ಕೊನೆಗೆ ಒಳಗಿನ ನೀರಿನ ಎಳೆತ ಕಡಿದಾಗ ಕವಣೆಯಂತೆ ಮುಂದಕ್ಕೆ ಸಿಡಿದು ಬೀಜಾಣುಗಳನ್ನು ಎಸೆಯುತ್ತದೆ. ಕಾಗದ ಬಿಚ್ಚಿದಾಗ ಕಂದು ಧೂಳು ಕಾಣುತ್ತದೆ. ಕಾಗದವನ್ನು ನಿಧಾನವಾಗಿ ಓರೆ ಮಾಡಿ ತಟ್ಟಿ. ಒರಟಾದ ಹೊಟ್ಟು ಮೊದಲು ಜಾರುತ್ತದೆ, ಹಿಂದೆ ಅಂಟಿಕೊಂಡು ಉಳಿದ ನಯವಾದ ಪುಡಿಯೇ ಬೀಜಾಣು. ಹೊಟ್ಟು ಬೆರೆತರೆ ಬೂಷ್ಟು ಖಂಡಿತ.

ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲಿ ಮೂರು ಸೆಂಟಿಮೀಟರ್ ದಪ್ಪ ಜರಡಿ ಹಿಡಿದ ಕೊಕೊಪೀಟ್ ಹರಡಿ, ಕುದಿಯುವ ನೀರು ಸುರಿದು ಮುಚ್ಚಿ ಆರಲು ಬಿಡಿ. ಪಾಚಿ, ಹಾವಸೆ, ಶಿಲೀಂಧ್ರದ ಕಾಟ ತಪ್ಪಿಸುವುದು ಈ ಒಂದು ಕೆಲಸ. ನಿಂತ ನೀರು ಬಸಿದು, ಬೀಜಾಣು ಇರುವ ಕಾಗದವನ್ನು ಒಂದಡಿ ಎತ್ತರದಿಂದ ಒಂದೇ ಸಲ ತಟ್ಟಿ. ಅದರ ಮೇಲೆ ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕೇಬೇಕು. ಕಣ್ಣಿಗೆ ಕಾಣುವಷ್ಟು ದಪ್ಪಗೆ ಬಿದ್ದರೆ ಹೆಚ್ಚಾಯಿತೆಂದು ತಿಳಿಯಿರಿ. ಒತ್ತಾದಲ್ಲಿ ಹಲವು ಜರೀಗಿಡಗಳ ಮೊಳಕೆಗಳು ಸಣಕಲಾಗಿ ಬರೀ ಗಂಡು ಅಂಗಗಳನ್ನೇ ಬಿಡುತ್ತವೆ, ಗಿಡ ಹುಟ್ಟುವುದಿಲ್ಲ.

20ರಿಂದ 25 ಡಿಗ್ರಿಯಲ್ಲಿ, ನೇರ ಬಿಸಿಲಿಲ್ಲದ ಕಡೆ ಇಟ್ಟರೆ ಎರಡರಿಂದ ನಾಲ್ಕು ವಾರದಲ್ಲಿ ಹಸಿರು ಲೇಪ ಕಾಣಿಸುತ್ತದೆ. ಎರಡು-ಮೂರು ತಿಂಗಳಿಗೆ ಅದು ಹೃದಯದ ಆಕಾರದ, ಉಗುರಿಗಿಂತ ಚಿಕ್ಕ ಹಾಳೆಗಳಾಗುತ್ತದೆ. ಇವೇ ಪ್ರೋಥಾಲಸ್‌ಗಳು. ಹಾವಸೆ ಎಂದು ಕೆರೆದು ಎಸೆಯಬೇಡಿ. ಇವುಗಳ ಅಡಿಮೈಯಲ್ಲಿ, ಹೃದಯದ ಕಚ್ಚಿನ ಹತ್ತಿರ ಹೆಣ್ಣು ಅಂಗ, ಕೆಳಗೆ ಬೇರುಕೂದಲಿನ ನಡುವೆ ಗಂಡು ಅಂಗ. ಗಂಡುಕೋಶ ಈಜಿಯೇ ಅಂಡವನ್ನು ಸೇರಬೇಕು. ಆದ್ದರಿಂದ ಈ ಹಂತದಲ್ಲಿ ಕುದಿಸಿ ಆರಿಸಿದ ನೀರನ್ನು ವಾರಕ್ಕೊಮ್ಮೆ, ಹಾಳೆಗಳ ಮೇಲೆ ತೆಳು ಪದರ ನಿಲ್ಲುವಷ್ಟು ಚಿಮುಕಿಸಿ. ಎಲೆಗೆ ಚಿಮುಕಿಸಬೇಡಿ ಎಂದದ್ದು ದೊಡ್ಡ ಗಿಡಕ್ಕೆ. ಇಲ್ಲಿ ಆ ನೀರಿಲ್ಲದೆ ಕೆಲಸ ನಡೆಯುವುದೇ ಇಲ್ಲ. ಆರೋಗ್ಯವಾದ ಹಾಳೆಗಳಿದ್ದೂ ತಿಂಗಳುಗಟ್ಟಲೆ ಮರಿ ಬರದಿದ್ದರೆ ಕಾರಣ ಬಹುಪಾಲು ಇದೇ.

ಕೂಡಿಕೆಯಾದ ಕೆಲವು ವಾರಕ್ಕೆ ಹಾಳೆಯ ಕಚ್ಚಿನಿಂದ ಪುಟ್ಟ ಎಲೆಯೊಂದು ಏಳುತ್ತದೆ. ತಾಯಿಗಿಡದ ಗರಿಯ ಹೋಲಿಕೆ ಅದಕ್ಕಿಲ್ಲ: ಒಂದೇ ಬೀಸಣಿಗೆ, ಕವಲಿಲ್ಲದ ತೊಟ್ಟು. ಎರಡು ಸೆಂಟಿಮೀಟರ್ ಆದಾಗ ಬಿಡಿಬಿಡಿಯಾಗಿ ಕೀಳದೆ, ನಾಲ್ಕೈದು ಮರಿಗಳ ಗುಂಪನ್ನೇ ಚಮಚದಿಂದ ಎತ್ತಿ ಆರು ಸೆಂಟಿಮೀಟರ್ ಕುಂಡಕ್ಕೆ ಇಳಿಸಿ, ಮತ್ತೆ ಮುಚ್ಚಿ. ಮುಚ್ಚಳವನ್ನು ಮೊದಲ ವಾರ ದಿನಕ್ಕೆ ಒಂದು ಗಂಟೆ, ಎರಡನೇ ವಾರ ಅರ್ಧ ದಿನ, ಮೂರನೇ ವಾರ ಹಗಲಿಡೀ ತೆರೆದಿಡಿ. ಒಂದೇ ದಿನ ತೆಗೆದುಬಿಟ್ಟರೆ ನಾಲ್ಕು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಸುರುಟುತ್ತದೆ. ನಾಲ್ಕನೆಯದೋ ಐದನೆಯದೋ ಎಲೆಯ ಹೊತ್ತಿಗೆ ತೊಟ್ಟು ಕಪ್ಪಾಗಿ ಕವಲೊಡೆಯುತ್ತದೆ. ಅದರ ಮೇಲೊಂದು ಹನಿ ಬಿಟ್ಟರೆ ಉರುಳಿ ಬೀಳುತ್ತದೆ.